ಸೋದರಮಾವನ ಅರಮನೆ

ಚಕ್ರವರ್ತಿಯ ಸೋದರಿಯನ್ನು ಸೇನಾಪತಿ ಮದುವೆಯಾದ. ಸೇನಾಪತಿಯ ತಂಗಿಯನ್ನು ಚಕ್ರವರ್ತಿ ಅರಮನೆಗೆ ತಂದುಕೊಂಡ. ಕೊಟ್ಟು ತಂದ ಸಂಬಂಧ. ಎರಡೂ ಮನೆಯಲ್ಲಿ ಗಂಡುಮಕ್ಕಳು ಹುಟ್ಟಿದರು. ಅರಮನೆಯ ಹುಡುಗನಿಗೆ ಸೇನಾಪತಿ ಸೋದರಮಾವ. ಸೇನಾಪತಿಯ ಹುಡುಗನಿಗೆ ಚಕ್ರವರ್ತಿ ಸೋದರಮಾವ. ಇಷ್ಟು ಹೇಳಿದರೆ ಸಾಕು, ಆ ಎರಡು ಮನೆಗಳ ನಡುವಿನ ಓಡಾಟ, ಸಲಿಗೆ, ತುಂಟಾಟ ಎಲ್ಲ ನಮ್ಮ ಕಡೆಯವರಿಗೆ ತಾನಾಗಿ ಗೊತ್ತಾಗುತ್ತದೆ.

ಒಂದು ಚಳಿಗಾಲದಲ್ಲಿ ಚಕ್ರವರ್ತಿ ಈ ಸಂಬಂಧವನ್ನು ಬೇರುಸಹಿತ ಕಿತ್ತು ಹಾಕಿದ. ಸೇನಾಪತಿಯೂ ಅವನ 70,000 ಸೈನಿಕರೂ ಮೇಲಿಂಗ್ ಎಂಬಲ್ಲಿ ಹಿಮದಲ್ಲಿ ಸತ್ತರು. ಕೊಂದವರು ಶತ್ರುಗಳಲ್ಲ, ಸ್ವಂತ ರಾಜ್ಯದವರೇ. ಚಕ್ರವರ್ತಿಯ ಹಿರಿಯ ಮಗನಿಗೆ ಸೆರೆಮನೆಯಲ್ಲಿ ವಿಷ ಕೊಟ್ಟರು. ಆ ಮಗನ ತಾಯಿ ಅರಮನೆಯೊಳಗೇ ಜೀವ ಬಿಟ್ಟಳು. ಸೇನಾಪತಿಯ ಹೆಂಡತಿ, ಅಂದರೆ ಚಕ್ರವರ್ತಿಯ ಒಡಹುಟ್ಟಿದವಳು, ಅಣ್ಣತಮ್ಮಂದಿರ ಜೊತೆ ಆಡಿ ಬೆಳೆದ ಅದೇ ಅರಮನೆಯ ಮುಂದೆ ನಿಂತು ಕತ್ತಿಯಿಂದ ಕತ್ತು ಕೊಯ್ದುಕೊಂಡಳು. ಕಡತದಲ್ಲಿ ಬರೆದದ್ದು ರಾಜದ್ರೋಹ ಅಂತ.

‘ಲಾಂಗ್‌ಯಾ ಬಾಂಗ್’ ಎಂಬ ಚೀನೀ ಧಾರಾವಾಹಿಯ ಕಥೆ ಶುರುವಾಗುವುದು ಇದೆಲ್ಲ ಮುಗಿದು 12 ವರ್ಷವಾದ ಮೇಲೆ. ಹೊರಗಿನ ಜಗತ್ತಿಗೆ ಇದು ‘ನಿರ್ವಾಣ ಇನ್ ಫೈರ್’ ಎಂಬ ಹೆಸರಿನಲ್ಲಿ ಗೊತ್ತು. 2015ರ ಸೆಪ್ಟೆಂಬರಿನಲ್ಲಿ ಚೀನಾದ ಟಿವಿಯಲ್ಲಿ ಬಂತು. ಒಟ್ಟು 54 ಎಪಿಸೋಡ್. ಹಾಯ್ ಯಾನ್ ಎಂಬ ಲೇಖಕಿಯ ಕಾದಂಬರಿ, ಚಿತ್ರಕಥೆಯೂ ಅವರದ್ದೇ. ನಿರ್ದೇಶಕರು ಕೊಂಗ್ ಶೆಂಗ್ ಮತ್ತು ಲಿ ಷುಯೆ. ನೋಡಲು ಕೂರುವವರಿಗೆ ಒಂದು ಮಾತು: ಮೊದಮೊದಲು ಹಾಳೆ, ಪೆನ್ನು ಪಕ್ಕದಲ್ಲಿರಲಿ. ರಾಜಕುಮಾರರ ಹೆಸರೆಲ್ಲ ‘ಜಿಂಗ್’ ಎಂದೇ ಶುರುವಾಗುತ್ತದೆ. ಒಂದೇ ತಲೆಮಾರಿನವರು ಎಂಬ ಗುರುತು ಅದು. ಸಾಲದ್ದಕ್ಕೆ ಜಿಂಗ್ ಎಂಬ ರಾಣಿಯೂ ಒಬ್ಬಳಿದ್ದಾಳೆ. ವಂಶವೃಕ್ಷ ಬರೆದುಕೊಳ್ಳದೆ ನೋಡಿದರೆ ತಲೆ ಕೆಡುತ್ತದೆ. (ಕಥೆಯ ಗುಟ್ಟುಗಳನ್ನೆಲ್ಲ ಇಲ್ಲಿ ಬಿಚ್ಚಿಡುತ್ತಿದ್ದೇನೆ. ಬೇಡ ಅನ್ನುವವರು ನೋಡಿಕೊಂಡೇ ಬನ್ನಿ.)

ಸೇನಾಪತಿಯ ಮಗ ಲಿನ್ ಶು ಸತ್ತಿಲ್ಲ. ಆಗ ಅವನಿಗೆ 17 ವರ್ಷ. ಬೆಂಕಿ, ಹಿಮ, ವಿಷ ಎಲ್ಲವನ್ನೂ ದಾಟಿ ಬದುಕಿದ್ದಾನೆ. ಆದರೆ ವಿಷ ಇಳಿಸುವ ಚಿಕಿತ್ಸೆಯಲ್ಲಿ ಮುಖ ಬದಲಾಗಿದೆ, ಮೈಯಲ್ಲಿ ಶಕ್ತಿ ಉಳಿದಿಲ್ಲ. ಕುದುರೆ ಏರಿ ಬಿಲ್ಲು ಹಿಡಿಯುತ್ತಿದ್ದವನು ಈಗ ಬೇಸಿಗೆಯಲ್ಲೂ ಹೊದ್ದುಕೊಂಡು ಕೆಮ್ಮುವ ಪಂಡಿತ. ಹೆಸರು ಮೇ ಛಾಂಗ್‌ಸು. ರಾಜಧಾನಿ ಜಿನ್‌ಲಿಂಗ್‌ಗೆ ಸಲಹೆಗಾರನಾಗಿ ಬರುತ್ತಾನೆ. ಪಟ್ಟಕ್ಕಾಗಿ ಇಬ್ಬರು ರಾಜಕುಮಾರರು ಕಚ್ಚಾಡುತ್ತಿರುವಾಗ, ಯಾರೂ ಲೆಕ್ಕಕ್ಕೇ ಇಟ್ಟಿಲ್ಲದ ಏಳನೆಯವನು ಜಿಂಗ್‌ಯಾನ್‌ನನ್ನು ಮೇಲೆ ತಂದು, ಹಳೆಯ ಮೊಕದ್ದಮೆಯನ್ನು ಮತ್ತೆ ತೆಗೆಸಬೇಕು. ಅವನ ಗುರಿ ಇಷ್ಟೇ. ಈ ಪಾತ್ರ ಮಾಡಿದ ಹು ಗ ಅವರಿಗೇ 2006ರಲ್ಲಿ ಕಾರು ಅಪಘಾತವಾಗಿ ಮುಖಕ್ಕೆ ಭಾರಿ ಪೆಟ್ಟಾಗಿತ್ತು. ಮುಖ ಬದಲಾದ ಮನುಷ್ಯನ ಕಥೆಯನ್ನು ಅವರು ಮಾಡುವಾಗ ಅದನ್ನು ಮರೆತು ನೋಡುವುದು ಕಷ್ಟ.

ಈ ಧಾರಾವಾಹಿಯನ್ನು ಹೊಗಳುವವರು ಸಾಮಾನ್ಯವಾಗಿ ಅದರ ಲೆಕ್ಕಾಚಾರವನ್ನು ಹೊಗಳುತ್ತಾರೆ. ಎಲ್ಲಿ ಯಾವ ಕಾಯಿ ನಡೆಸಿದ, ಯಾರನ್ನು ಹೇಗೆ ಸಿಕ್ಕಿಹಾಕಿಸಿದ ಅಂತ. ಅದು ಸರಿಯೇ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಬೇರೆ. ಈ ಅರಮನೆಯಲ್ಲಿ ಪ್ರೀತಿಯೇ ಅಪರಾಧಕ್ಕೆ ಸಾಕ್ಷಿ.

ಹಿರಿಯ ಮಗ ಜಿಂಗ್‌ಯು ಮೇಲೆ ಚಕ್ರವರ್ತಿಗೆ ಯಾಕೆ ಅನುಮಾನ ಬಂತು? ಅವನು ಒಳ್ಳೆಯವನು. ಜನ ಮೆಚ್ಚಿದ್ದರು. ಅಪ್ಪನ ಎದುರು ನಿಂತು ವಾದ ಮಾಡುತ್ತಿದ್ದ. ಇಷ್ಟೇ ಆಗಿದ್ದರೆ ಬೈದು ಸುಮ್ಮನಾಗಬಹುದಿತ್ತೇನೋ. ಆದರೆ ಅವನ ಸೋದರಮಾವನ ಕೈಯಲ್ಲಿ ಸೈನ್ಯವಿತ್ತು. ಮಾವ ಅಳಿಯ ಚೆನ್ನಾಗಿದ್ದರು. ಬೇರೆ ಮನೆಯಲ್ಲಿ ಇದು ಸಂತೋಷದ ವಿಷಯ. ಇಲ್ಲಿ ಅದು ಸಂಚು. ಆಸ್ಥಾನದ ಷಿಯೆ ಯು ಮತ್ತು ಷಿಯಾ ಜಿಯಾಂಗ್ ಎಂಬಿಬ್ಬರು ಸೇನಾಪತಿಯ ದ್ರೋಹಕ್ಕೆ ಸಾಕ್ಷಿ ಅಂತ ಒಂದು ಪತ್ರವನ್ನು ಖೋಟಾ ಮಾಡಿದ್ದು ನಿಜ. ಆದರೆ ಆ ಪತ್ರವನ್ನು ನಂಬಲು ಚಕ್ರವರ್ತಿ ಮೊದಲೇ ತಯಾರಾಗಿದ್ದ. ಖೋಟಾ ಪತ್ರ ಮಾಡಿದವರು ಅವನ ಮನಸ್ಸಿನಲ್ಲಿದ್ದದ್ದನ್ನೇ ಬರೆದುಕೊಟ್ಟರು, ಅಷ್ಟೇ.

ಇದು ಲೇಖಕಿಯ ತಲೆಯಲ್ಲಿ ಹುಟ್ಟಿದ ಭಯವಲ್ಲ. ಚೀನಾದ ಇತಿಹಾಸದಲ್ಲಿ ಹೆಂಡತಿಯ ಕಡೆಯವರು, ತಾಯಿಯ ಕಡೆಯವರು ಅಂದರೆ ಅರಸರಿಗೆ ಎರಡು ಸಾವಿರ ವರ್ಷದ ತಲೆನೋವು. ಹಾನ್ ವಂಶದ ವು ಚಕ್ರವರ್ತಿಯ ಕಥೆ ಕೇಳಿ. ಅವನ ಪಟ್ಟದರಸಿ ವೇ ಝಿಫು. ಅವಳ ತಮ್ಮ ವೇ ಚಿಂಗ್ ದೊಡ್ಡ ಸೇನಾಪತಿ. ಅವಳ ಮಗ ಲ್ಯು ಜು ಯುವರಾಜ. ಸೇನಾಪತಿ ತೀರಿಕೊಂಡು 15 ವರ್ಷದ ಮೇಲೆ, ಕ್ರಿಸ್ತಪೂರ್ವ 91ರಲ್ಲಿ, ಯುವರಾಜ ಅಪ್ಪನಿಗೆ ಮಾಟ ಮಾಡಿಸಿದ್ದಾನೆ ಎಂಬ ಆರೋಪ ಬಂತು. ಅರಮನೆಯ ನೆಲ ಅಗೆದು ಗೊಂಬೆ ಹುಡುಕಿದರು. ಯುವರಾಜ ಆರೋಪ ಮಾಡಿದವನನ್ನು ಕೊಂದ, ರಾಜಧಾನಿಯಲ್ಲಿ ಹೋರಾಟವಾಯಿತು, ಓಡಿಹೋದ, ಕೊನೆಗೆ ಆತ್ಮಹತ್ಯೆ ಮಾಡಿಕೊಂಡ. ತಾಯಿಯೂ ಆತ್ಮಹತ್ಯೆ ಮಾಡಿಕೊಂಡಳು. ಕುಟುಂಬದಲ್ಲಿ ಉಳಿದದ್ದು ಒಂದು ಹಸುಗೂಸು, ಯುವರಾಜನ ಮೊಮ್ಮಗ. ಆ ಕೂಸು ಸೆರೆಮನೆಯಲ್ಲಿ ಬೆಳೆಯಿತು. ಬಿಂಗ್ ಜಿ ಎಂಬ ಅಧಿಕಾರಿ ಅದನ್ನು ಕಾಪಾಡಿದ. ಮುಂದೆ ಅದೇ ಹುಡುಗ ಶ್ಯುವಾನ್ ಚಕ್ರವರ್ತಿಯಾಗಿ ಕ್ರಿಸ್ತಪೂರ್ವ 74ರಲ್ಲಿ ಪಟ್ಟಕ್ಕೆ ಬಂದ.

ಧಾರಾವಾಹಿಯಲ್ಲೂ ಇಂಥದ್ದೇ ಒಂದು ಮಗುವಿದೆ. ಸತ್ತ ಜಿಂಗ್‌ಯುವಿನ ಮಗ ಟಿಂಗ್‌ಶೆಂಗ್. ಅಪರಾಧಿಗಳ ಮನೆಯವರನ್ನು ಜೀತಕ್ಕಿಡುವ ಜಾಗದಲ್ಲಿ, ಚಕ್ರವರ್ತಿಯ ಮೊಮ್ಮಗ ಅಂತ ಯಾರಿಗೂ ಗೊತ್ತಿಲ್ಲದೆ, ಏಟು ತಿನ್ನುತ್ತಾ ಬೆಳೆಯುತ್ತಿದ್ದಾನೆ. ಮೇ ಛಾಂಗ್‌ಸು ರಾಜಧಾನಿಗೆ ಬಂದು ಮಾಡುವ ಮೊದಮೊದಲ ಕೆಲಸಗಳಲ್ಲಿ ಒಂದು ಈ ಹುಡುಗನನ್ನು ಅಲ್ಲಿಂದ ಬಿಡಿಸುವುದು. ಜಿಂಗ್‌ಯಾನ್‌ನ ವಿಶ್ವಾಸ ಗಳಿಸುವುದೂ ಇದರಿಂದಲೇ.

ಹಾನ್ ವಂಶದ ಅದೇ ವು, ಮುದಿ ವಯಸ್ಸಿನಲ್ಲಿ ಚಿಕ್ಕ ಮಗನೊಬ್ಬನಿಗೆ ಪಟ್ಟ ಕಟ್ಟಬೇಕೆಂದಾಗ, ಆ ಮಗುವಿನ ತಾಯಿಯನ್ನು ಮೊದಲು ಮುಗಿಸಿದ. ಮಗ ಚಿಕ್ಕವನು, ತಾಯಿ ಹರೆಯದವಳು, ನಾಳೆ ಅವಳದ್ದೇ ಆಟವಾದೀತು ಎಂಬ ಭಯ. ಐದನೇ ಶತಮಾನದಲ್ಲಿ ಉತ್ತರದ ವೇ ವಂಶದವರಂತೂ ಇದನ್ನೇ ಪದ್ಧತಿ ಮಾಡಿಕೊಂಡರು. ಮಗ ಯುವರಾಜನಾದರೆ ತಾಯಿ ಸಾಯಬೇಕು. ಆ ಅರಮನೆಯಲ್ಲಿ ಗಂಡುಮಗುವಾಗಲಿ ಅಂತ ಯಾವ ರಾಣಿ ಬೇಡಿಕೊಂಡಿರುತ್ತಾಳೆ ಹೇಳಿ.

ಇಷ್ಟು ತಿಳಿದುಕೊಂಡು ನೋಡಿದರೆ ಜಿಂಗ್ ರಾಣಿಯ ಪಾತ್ರ ಎಷ್ಟು ಸೂಕ್ಷ್ಮವಾಗಿದೆ ಅಂತ ಅರ್ಥವಾಗುತ್ತದೆ. ಜಿಂಗ್‌ಯಾನ್‌ನ ತಾಯಿ ಈಕೆ. ಪಾತ್ರ ಮಾಡಿದವರು ಲ್ಯು ಮಿನ್‌ತಾವ್. ಈಕೆಗೆ ತವರೇ ಇಲ್ಲ. ಔಷಧ ಗೊತ್ತಿದ್ದ ಅನಾಥ ಹುಡುಗಿ, ಲಿನ್ ಮನೆಯಲ್ಲಿ ಆಶ್ರಯ ಪಡೆದಿದ್ದಳು. ಸೇನಾಪತಿಯ ತಂಗಿ ಅರಮನೆ ಸೇರಿದಾಗ ಅವಳ ಆರೈಕೆಗೆ ಅಂತ ಹೋದವಳು ತಾನೂ ಅಲ್ಲೇ ರಾಣಿಯಾದಳು. ಆಸ್ಥಾನದಲ್ಲಿ ಇವಳಿಗೆ ಅಣ್ಣನಿಲ್ಲ, ಮಾವನಿಲ್ಲ, ಯಾವ ಮಂತ್ರಿಯೂ ಬಂಧುವಲ್ಲ. ಹಾಗಾಗಿ ಯಾರೂ ಇವಳನ್ನು ಗಮನಿಸುವುದಿಲ್ಲ. ಮೂಲೆಯ ಅರಮನೆಯಲ್ಲಿ ಗಿಡಮೂಲಿಕೆ ಬೆಳೆಸಿಕೊಂಡು, ತಿಂಡಿ ಮಾಡಿಕೊಂಡು ಇರುತ್ತಾಳೆ. ದಣಿದ ಚಕ್ರವರ್ತಿ ಬಂದರೆ ಮದ್ದಿನ ಸೂಪು ಕೊಟ್ಟು, ಏನೂ ಕೇಳದೆ ಕಳಿಸುತ್ತಾಳೆ. ಏನೂ ಕೇಳದವಳು ಅನ್ನುವುದೇ ಅವನಿಗೆ ಇಷ್ಟ. ಕೇಳಲು ಅವಳಿಗೆ ಯಾರೂ ಇಲ್ಲ ಅಂತ ಅವನ ನಂಬಿಕೆ. ಅವಳ ತವರು ಯಾವುದು ಅಂದರೆ ಅವನೇ ಸುಟ್ಟ ಲಿನ್ ಮನೆ. ಅದು ಅವನಿಗೆ ಗೊತ್ತಿದ್ದೂ ನೆನಪಿಲ್ಲ.

ಮೇ ಛಾಂಗ್‌ಸು ಯಾರು ಅಂತ ಪತ್ತೆ ಮಾಡಲು ರಾಜ್ಯದ ಗೂಢಚಾರರೆಲ್ಲ ಒದ್ದಾಡುತ್ತಾರೆ. ಇವಳಿಗೆ ಒಂದು ಪ್ರವಾಸದ ಪುಸ್ತಕ ಸಾಕಾಗುತ್ತದೆ. ಮಗ ಅವನಿಂದ ಎರವಲು ತಂದ ಪುಸ್ತಕ. ಅಂಚಿನಲ್ಲಿ ಅವನು ಬರೆದ ಟಿಪ್ಪಣಿಗಳಿವೆ. ತಾಯಿಯ ಹೆಸರಿನಲ್ಲಿ ಬರುವ ಅಕ್ಷರಗಳನ್ನು ಬರೆಯಬೇಕಾದಾಗ ಗೌರವಕ್ಕಾಗಿ ಒಂದು ಗೀಟು ಕಡಿಮೆ ಬರೆಯುವುದು ಅಲ್ಲಿಯ ರೂಢಿ. ಮುಖ ಹೋಯಿತು, ದನಿ ಹೋಯಿತು, ಕೈಬರಹವನ್ನೂ ಬದಲಾಯಿಸಿಕೊಂಡಿದ್ದಾನೆ. ತಾಯಿಯ ಹೆಸರನ್ನು ಪೂರ್ತಿ ಬರೆಯಬಾರದು ಎಂಬುದನ್ನು ಮಾತ್ರ ಅವನ ಕೈ ಬಿಟ್ಟಿಲ್ಲ. ರಾಣಿ ಪುಸ್ತಕ ಮುಚ್ಚಿ ಮಗನ ಹತ್ತಿರ ಆ ಪಂಡಿತರನ್ನು ಚೆನ್ನಾಗಿ ನೋಡಿಕೊ ಅನ್ನುತ್ತಾಳೆ. ಅಷ್ಟೇ.

ಆಮೇಲೆ ಶುರುವಾಗುವುದು ತಿಂಡಿಯ ಡಬ್ಬಿಗಳು. ಮಗನಿಗೊಂದು, ಮಗನ ಸಲಹೆಗಾರನಿಗೊಂದು. ಅದಲು ಬದಲಾಗಬಾರದು. ಜಿಂಗ್‌ಯಾನ್‌ಗೆ ಹೇಝಲ್‌ನಟ್ ಹಾಕಿದ ತಿಂಡಿ ಅಂದರೆ ಪ್ರಾಣ. ಸಲಹೆಗಾರನ ಡಬ್ಬಿಯಲ್ಲಿ ಅದು ಮಾತ್ರ ಇರುವುದಿಲ್ಲ. ಲಿನ್ ಶುಗೆ ಚಿಕ್ಕಂದಿನಿಂದ ಅದು ಆಗಿಬರುವುದಿಲ್ಲ, ತಿಂದರೆ ಜೀವಕ್ಕೇ ಅಪಾಯ. ಇಡೀ ಧಾರಾವಾಹಿಯ ಅತಿ ದೊಡ್ಡ ಗುಟ್ಟು ಆ ಡಬ್ಬಿಯಲ್ಲಿ ಅರಮನೆಯಿಂದ ಹೊರಗೆ ಹೋಗಿ ಬರುತ್ತಿರುತ್ತದೆ, ಕಾವಲುಗಾರರ ಕಣ್ಣೆದುರೇ. ಯುದ್ಧದ ದೃಶ್ಯಗಳಿಗಿಂತ ನನಗೆ ಜಾಸ್ತಿ ಎದೆ ಬಡಿದುಕೊಂಡದ್ದು ಇದನ್ನು ನೋಡುವಾಗ.

ಇನ್ನೊಬ್ಬಳು ಮುತ್ತಜ್ಜಿ. ಚಕ್ರವರ್ತಿಗೇ ಅಜ್ಜಿ. ಅರುಳುಮರುಳು. ಎದುರಿಗಿರುವವರು ಯಾರು ಅಂತ ನೆನಪಿರುವುದಿಲ್ಲ. ಮೇ ಛಾಂಗ್‌ಸುವನ್ನು ಅವಳ ಮುಂದೆ ನಿಲ್ಲಿಸಿದಾಗ ಅವಳು ಅವನನ್ನು ಶು ಅಂತ ಕರೆದು, ಲಿನ್ ಶುಗೆ ನಿಶ್ಚಯವಾಗಿದ್ದ ಹುಡುಗಿ ನಿಹುವಾಂಗ್‌ನ ಕೈಯನ್ನು ಅವನ ಕೈಗೆ ಸೇರಿಸುತ್ತಾಳೆ. ಸುತ್ತ ಇದ್ದವರು ಪಾಪ ಅಜ್ಜಿಗೆ ತಿಳಿಯುವುದಿಲ್ಲ ಅಂದುಕೊಳ್ಳುತ್ತಾರೆ. ಆ ಕೋಣೆಯಲ್ಲಿ ನಿಜ ಹೇಳಿದವಳು ಅವಳೊಬ್ಬಳೇ. ಮರೆವು ಇದ್ದವಳಿಗೆ ಮಾತ್ರ ನೆನಪಿದೆ ಅನ್ನುವುದು ಹಳೆಯ ತಂತ್ರ ಅಂತ ಯಾರಾದರೂ ಅನ್ನಬಹುದು. ಇರಲಿ, ಇಲ್ಲಿ ಅದು ಕೆಲಸ ಮಾಡುತ್ತದೆ. ಅವಳು ಹೋದಾಗ ಇವನು ಮೊಮ್ಮಗನಂತೆ ಹೋಗಿ ಅಳುವ ಹಾಗಿಲ್ಲ. ಮನೆಯ ಬಾಗಿಲು ಹಾಕಿಕೊಂಡು ಒಬ್ಬನೇ ಸೂತಕ ಆಚರಿಸುತ್ತಾನೆ.

ಜಿಂಗ್‌ಯಾನ್‌ಗೆ ಮಾತ್ರ ತುಂಬ ತಡವಾಗಿ ಗೊತ್ತಾಗುತ್ತದೆ. ದುರಂತದ ಹೊತ್ತಿಗೆ ಅವನು ಪೂರ್ವ ಸಮುದ್ರದ ಕಡೆ ಹೋಗಿದ್ದ. ಬರುವಾಗ ಪಾರಿವಾಳದ ಮೊಟ್ಟೆ ಗಾತ್ರದ ಮುತ್ತು ತಾ ಅಂತ ಲಿನ್ ಶು ಹೇಳಿದ್ದ. ಇವನು ತಂದ. ಕೊಡಲು ಯಾರೂ ಇರಲಿಲ್ಲ. ಅಷ್ಟು ವರ್ಷ ಅದನ್ನು ಇಟ್ಟುಕೊಂಡು, ತೀರ್ಪನ್ನು ಒಪ್ಪುವುದಿಲ್ಲ ಅಂತ ಹಟ ಹಿಡಿದು, ಅಪ್ಪನ ಕಣ್ಣಿಗೆ ಬೇಡವಾಗಿ ಗಡಿಯಲ್ಲಿ ಅಲೆದವನು. ಪಕ್ಕದಲ್ಲೇ ಕೂತು ಸಲಹೆ ಕೊಡುವವನನ್ನು ಗುರುತಿಸುವುದಿಲ್ಲ. ಬದಲಿಗೆ, ಇವನೊಬ್ಬ ಲೆಕ್ಕಾಚಾರದ ಮನುಷ್ಯ, ಇವನಿಗೆ ಹೃದಯವಿಲ್ಲ ಅಂತ ಬೈಯುತ್ತಾನೆ. ಕೊನೆಗೆ ಗುಟ್ಟು ಒಡೆಯುವುದು ಚಕ್ರವರ್ತಿಯ ಬಾಯಿಂದಲೇ. ಸೇನಾಪತಿ ಹರೆಯದಲ್ಲಿ ಊರೂರು ತಿರುಗುವಾಗ ಇಟ್ಟುಕೊಂಡಿದ್ದ ಹೆಸರೊಂದನ್ನು ಅವನು ಸುಮ್ನೆ ಮಾತಿನ ಮಧ್ಯೆ ಹೇಳಿಬಿಡುತ್ತಾನೆ. ಮೇ ಛಾಂಗ್‌ಸು ತನ್ನ ತಂದೆಯ ಹೆಸರು ಅಂತ ಹೇಳಿದ್ದು ಅದೇ.

ಇನ್ನು ಪಟ್ಟಕ್ಕೆ ಕಚ್ಚಾಡುವ ಇಬ್ಬರು. ಯುವರಾಜನ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಅವನು ದಡ್ಡ, ಅವನ ತಾಯಿ ಅವನಿಗಿಂತ ಚುರುಕು. ಆಸಕ್ತಿ ಹುಟ್ಟಿಸುವವನು ಯು ರಾಜಕುಮಾರ. ಅವನನ್ನು ಸಾಕಿದ್ದು ಪಟ್ಟದರಸಿ. ಅಪ್ಪ ಅವನನ್ನು ಮುದ್ದು ಮಾಡಿ ಬೆಳೆಸುತ್ತಾನೆ, ಅಧಿಕಾರ ಕೊಡುತ್ತಾನೆ, ಯುವರಾಜನ ಎದುರು ನಿಲ್ಲಿಸುತ್ತಾನೆ. ನಾಳೆ ಸಿಂಹಾಸನ ತನಗೇ ಅಂತ ಅವನು ನಂಬುತ್ತಾನೆ. ಆಮೇಲೆ ಗೊತ್ತಾಗುತ್ತದೆ: ಹೆತ್ತ ತಾಯಿ ಹುವಾ ಎಂಬ ಸೋತ ಬುಡಕಟ್ಟಿನ ರಾಜಕುಮಾರಿ. ಚಕ್ರವರ್ತಿ ಅವಳಿಂದ ಉಪಯೋಗ ಪಡೆದು, ಅವಳ ಜನರನ್ನೇ ಮುಳುಗಿಸಿದವನು. ಆ ರಕ್ತದವನಿಗೆ ಲಿಯಾಂಗ್ ಸಿಂಹಾಸನ ಎಂದಿಗೂ ಸಿಗುತ್ತಿರಲಿಲ್ಲ. ತಕ್ಕಡಿಯ ಇನ್ನೊಂದು ತಟ್ಟೆಗೆ ಬೇಕಾದ ಕಲ್ಲಾಗಿ ಮಾತ್ರ ಅಪ್ಪ ಅವನನ್ನು ಇಟ್ಟುಕೊಂಡಿದ್ದ. ಜಿಯುಆನ್ ಬೆಟ್ಟದಲ್ಲಿ ಬೇಟೆಗೆ ಹೋದ ಅಪ್ಪನ ಮೇಲೆ ಅವನು ದಂಡೆತ್ತಿ ಹೋಗುವುದು ಇದಾದ ಮೇಲೆ. ಸೋಲುತ್ತಾನೆ. ಸೆರೆಮನೆಯಲ್ಲಿ ಸಾಯುತ್ತಾನೆ. ಹೆಂಡತಿ ಬಸುರಿ.

ನನ್ನ ದೊಡ್ಡ ತಕರಾರು ಇರುವುದೂ ಇಲ್ಲೇ. ಲಿನ್ ಮನೆತನದ ಸೇಡನ್ನು ಧಾರಾವಾಹಿ ನ್ಯಾಯ ಅನ್ನುತ್ತದೆ. ಹುವಾ ಹೆಂಗಸರ ಸೇಡನ್ನು ಬರೀ ಕೇಡು ಅನ್ನುತ್ತದೆ. ಅವರ ಊರೂ ಸುಟ್ಟಿತ್ತು, ಅವರ ಜನರೂ ಸತ್ತಿದ್ದರು, ಅವರಿಗೂ ಮೋಸ ಮಾಡಿದವನು ಅದೇ ಚಕ್ರವರ್ತಿ. ಹುವಾ ಕಡೆಯ ಚಿನ್ ಬಾನ್‌ರುವೊ ಎಂಬ ಹೆಣ್ಣು ಮೇ ಛಾಂಗ್‌ಸು ಮಾಡುವುದನ್ನೇ ಮಾಡುತ್ತಾಳೆ: ವೇಷ ಮರೆಸಿಕೊಂಡು, ರಾಜಕುಮಾರನೊಬ್ಬನ ಪಕ್ಕದಲ್ಲಿ ನಿಂತು, ಸತ್ತವರಿಗಾಗಿ ಕೆಲಸ ಮಾಡುತ್ತಾಳೆ. ಅವಳಿಗೆ ಮಾತ್ರ ಅಮ್ಮನ ನೆನಪಿಲ್ಲ, ಬಾಲ್ಯವಿಲ್ಲ, ಅಳುವ ದೃಶ್ಯವಿಲ್ಲ.  54 ಎಪಿಸೋಡಿನಲ್ಲಿ ಒಂದನ್ನು ಆಕೆಗೆ ಕೊಟ್ಟಿದ್ದರೆ ಏನಾಗುತ್ತಿತ್ತು? ಅದರ ಬದಲು ಬಿಳಿ ಕೂದಲು ಅಂಟಿಸಿಕೊಂಡ ಮೃಗಮಾನವನೊಬ್ಬನ ಓಡಾಟ ಸ್ವಲ್ಪ ಕಡಿಮೆ ಮಾಡಬಹುದಿತ್ತು. ಆ ಮೇಕಪ್ ನೋಡಿದರೆ ದುಃಖದ ದೃಶ್ಯದಲ್ಲೂ ನಗು ಬರುತ್ತದೆ.

ಕಥೆ ನಡೆಯುವ ಲಿಯಾಂಗ್ ರಾಜ್ಯ ಕಲ್ಪನೆಯದು. ಆದರೆ ರಾಜಮನೆತನದ ಹೆಸರು ಷಿಯಾವ್, ರಾಜಧಾನಿ ಜಿನ್‌ಲಿಂಗ್, ಅಂದರೆ ಇಂದಿನ ನಾನ್‌ಜಿಂಗ್. 502ರಿಂದ 557ರವರೆಗೆ ಅಲ್ಲಿ ನಿಜವಾಗಿ ಲಿಯಾಂಗ್ ವಂಶವಿತ್ತು, ಅವರ ಮನೆತನದ ಹೆಸರೂ ಷಿಯಾವ್. ಆ ವಂಶ ಕಟ್ಟಿದವನೂ ವು ಎಂದೇ ಕರೆಸಿಕೊಂಡವನು. ಬೌದ್ಧ ಧರ್ಮಕ್ಕೆ ದೊಡ್ಡ ಆಸರೆಯಾಗಿದ್ದ ದೊರೆ. ದಕ್ಷಿಣ ಭಾರತದಿಂದ ಹೋದ ಬೋಧಿಧರ್ಮ ಎದುರಿಗೆ ನಿಂತು, ನಿನ್ನ ದಾನಧರ್ಮಕ್ಕೆ ಪುಣ್ಯವೇನೂ ಇಲ್ಲ ಅಂದನಂತೆ ಎಂಬ ಕಥೆ ಇರುವುದು ಇವನ ಬಗ್ಗೆಯೇ.

ಇವನ ಮನೆಯ ನಿಜ ಕಥೆ ಕೇಳಿದರೆ ಧಾರಾವಾಹಿ ಸಪ್ಪೆ ಅನ್ನಿಸೀತು. ಇವನಿಗೆ ಷಿಯಾವ್ ಝೊಂಗ್ ಅಂತ ಒಬ್ಬ ಮಗ. ತಾಯಿ ಮೊದಲು ಹಿಂದಿನ ವಂಶದ ದೊರೆಯ ಅರಮನೆಯಲ್ಲಿದ್ದವಳು. ಇಲ್ಲಿಗೆ ಬಂದ ಏಳು ತಿಂಗಳಿಗೆ ಹೆರಿಗೆಯಾಯಿತು. ಬೆಳೆದ ಮಗನಿಗೆ ತಾನು ಯಾರ ಮಗ ಎಂಬ ಅನುಮಾನ ಹೊಕ್ಕಿತು. ಹಿಂದಿನ ದೊರೆಯ ಸಮಾಧಿ ಅಗೆಸಿ, ಮೂಳೆಯ ಮೇಲೆ ತನ್ನ ರಕ್ತ ಬಿಟ್ಟು, ಅದು ಇಂಗಿತು, ಆದ್ದರಿಂದ ಅವನೇ ನನ್ನಪ್ಪ ಅಂತ ತೀರ್ಮಾನಿಸಿದ ಎಂದು ಹಳೆಯ ಇತಿಹಾಸದಲ್ಲಿ ಬರೆದಿದೆ. 525ರಲ್ಲಿ ಶತ್ರು ರಾಜ್ಯಕ್ಕೆ ಓಡಿಹೋದ. ಇನ್ನೊಬ್ಬ, ಷಿಯಾವ್ ಝೆಂಗ್‌ದ, ತಮ್ಮನ ಮಗ. ಗಂಡುಮಕ್ಕಳಿಲ್ಲದ ಕಾಲದಲ್ಲಿ ದತ್ತು ತೆಗೆದುಕೊಂಡು, ಸ್ವಂತ ಮಗ ಹುಟ್ಟಿದ ಮೇಲೆ ವಾಪಸು ಕಳಿಸಿದ್ದ. ಅವನು ಆ ನೋವನ್ನು ಮರೆಯಲಿಲ್ಲ. 548ರಲ್ಲಿ ಹೌ ಜಿಂಗ್ ಎಂಬವನು ದಂಗೆಯೆದ್ದಾಗ ನದಿ ದಾಟಲು ದಾರಿ ಮಾಡಿಕೊಟ್ಟದ್ದು ಇವನೇ. ಮರುವರ್ಷ ಎಂಬತ್ತು ದಾಟಿದ ಮುದಿ ಚಕ್ರವರ್ತಿ ತನ್ನದೇ ಅರಮನೆಯಲ್ಲಿ ಸೆರೆಯಾಗಿ, ಸರಿಯಾಗಿ ಊಟವಿಲ್ಲದೆ ಸತ್ತ. ಗಂಡುಮಕ್ಕಳು ದೂರದ ಪ್ರಾಂತ್ಯಗಳಲ್ಲಿ ಸೈನ್ಯ ಇಟ್ಟುಕೊಂಡು ಕೂತಿದ್ದರು. ಅಪ್ಪನನ್ನು ಬಿಡಿಸುವುದಕ್ಕಿಂತ ಅಣ್ಣತಮ್ಮಂದಿರ ಲೆಕ್ಕವೇ ಅವರಿಗೆ ಮುಖ್ಯವಾಗಿತ್ತು.

ಯಾರ ಮಗ ಎಂಬ ಪ್ರಶ್ನೆ ಧಾರಾವಾಹಿಯಲ್ಲಿ ಜಿಂಗ್‌ರುಯಿಯ ಕಥೆಯಾಗಿದೆ. ಗುಡುಗು ಮಳೆಯ ಒಂದು ರಾತ್ರಿ, ಬೆಟ್ಟದ ದೇವಸ್ಥಾನದಲ್ಲಿ ಇಬ್ಬರು ಹೆಂಗಸರಿಗೆ ಹೆರಿಗೆಯಾಗುತ್ತದೆ. ಒಬ್ಬಳು ಷಿಯೆ ಯುವಿನ ಹೆಂಡತಿ, ಚಕ್ರವರ್ತಿಯ ಇನ್ನೊಬ್ಬ ಸೋದರಿ ಲೀಯಾಂಗ್. ಇನ್ನೊಬ್ಬಳು ಝುವೊ ಎಂಬ ಕತ್ತಿವೀರರ ಮನೆಯವಳು. ಕೂಸುಗಳು ಅದಲು ಬದಲಾಗಿ, ಒಂದು ಸತ್ತುಹೋಗುತ್ತದೆ. ಉಳಿದದ್ದು ಯಾರದ್ದು ಗೊತ್ತಿಲ್ಲ. ಸರಿ, ಇಬ್ಬರದ್ದೂ ಆಗಲಿ ಅಂತ ತೀರ್ಮಾನ. ಒಂದಷ್ಟು ಕಾಲ ಇಲ್ಲಿ, ಒಂದಷ್ಟು ಕಾಲ ಅಲ್ಲಿ. ಎರಡು ಅಪ್ಪ, ಎರಡು ಅಮ್ಮ. ಷಿಯೆಯೂ ಅಲ್ಲ ಝುವೊ ಕೂಡ ಅಲ್ಲ, ಷಿಯಾವ್ ಅಂತ ರಾಜಮನೆತನದ ಹೆಸರನ್ನೇ ಇಡಿಸುತ್ತಾನೆ ಚಕ್ರವರ್ತಿ. ಎಷ್ಟು ಚೆಂದದ ಏರ್ಪಾಡು ಅನ್ನಿಸುತ್ತದೆ. ಹುಡುಗನೂ ಅಷ್ಟೇ ಚೆಂದ, ಕಪಟ ಗೊತ್ತಿಲ್ಲದವನು. ಮೇ ಛಾಂಗ್‌ಸು ಅಂದರೆ ಅವನಿಗೆ ಗೌರವ. ಆರೋಗ್ಯ ಸುಧಾರಿಸಿಕೊಳ್ಳಲಿ ಅಂತ ಅವನನ್ನು ರಾಜಧಾನಿಗೆ ಕರೆತಂದು ತನ್ನ ಮನೆಯಲ್ಲಿ ಇಳಿಸಿಕೊಂಡವನೇ ಜಿಂಗ್‌ರುಯಿ.

ಅವನ ಹುಟ್ಟುಹಬ್ಬದ ದಿನ ಎರಡೂ ಮನೆಯವರು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತಿರುವಾಗ ನಿಜ ಹೊರಬೀಳುತ್ತದೆ. ನೆರೆಯ ಚು ರಾಜ್ಯದಿಂದ ಬಂದ ಹುಡುಗಿಯೊಬ್ಬಳು ಎದುರಿಗೆ ನಿಂತು ಮುಖದ ಮುಸುಕು ತೆಗೆಯುತ್ತಾಳೆ. ಅವಳ ಮುಖ ಜಿಂಗ್‌ರುಯಿಯ ಮುಖದಂತೆಯೇ ಇದೆ. ಅವಳು ಅವನ ತಂಗಿ. ಅವನ ಅಪ್ಪ ಹಿಂದೆ ಒತ್ತೆಯಾಳಾಗಿ ಇಲ್ಲಿದ್ದ ಚು ರಾಜಕುಮಾರ. ಲೀಯಾಂಗ್ ಅವನನ್ನು ಪ್ರೀತಿಸಿದ್ದಳು. ಅರಮನೆಯ ಹಿರಿಯಳೇ ಅವಳಿಗೆ ಮದ್ದು ಹಾಕಿಸಿ ಷಿಯೆ ಯುವಿಗೆ ಕಟ್ಟಿದ್ದಳು. ಬೇರೆಯವನ ಕೂಸನ್ನು ಹುಟ್ಟಿದ ಕೂಡಲೇ ಮುಗಿಸಲು ಷಿಯೆ ಯು ಆ ರಾತ್ರಿ ಬೆಟ್ಟಕ್ಕೆ ಆಳು ಕಳಿಸಿದ್ದ. ಆಳು ಕೊಂದದ್ದು ಝುವೊ ಮನೆಯ ಕೂಸನ್ನು. ಎಷ್ಟೋ ವರ್ಷಗಳಿಂದ ಆ ಮನೆಯವರು ತಮ್ಮ ಮಗುವನ್ನು ಕೊಂದವನ ಜೊತೆ ಬೀಗತನ ಬೆಳೆಸಿಕೊಂಡು, ಅವನಿಗಾಗಿ ಕತ್ತಿ ಹಿಡಿದುಕೊಂಡು ಬದುಕಿದ್ದರು.

ಈ ಔತಣವನ್ನು ಹೀಗೆ ಹೊಂದಿಸಿದವನು ಮೇ ಛಾಂಗ್‌ಸು. ಅತಿಥಿಯಾಗಿ ಅಲ್ಲೇ ಕೂತಿದ್ದಾನೆ. ಷಿಯೆ ಯುವನ್ನು ಬೀಳಿಸಲು ಇದೊಂದೇ ದಾರಿ ಅಂತ ಅವನ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಮುಂದೆ ಜಿಂಗ್‌ರುಯಿ ಅವನ ಹತ್ತಿರ ಬಂದು ಹೇಳುವ ಮಾತು ಇಡೀ ಧಾರಾವಾಹಿಯಲ್ಲಿ ನನಗೆ ಬಹಳ ಕಠಿಣ ಅನ್ನಿಸಿದ್ದು. ಬೈಯುವುದಿಲ್ಲ. ನಿಮಗೆ ಯಾವುದು ಮುಖ್ಯವೋ ಅದನ್ನು ಆರಿಸಿಕೊಂಡಿರಿ, ನನ್ನನ್ನು ಬಿಟ್ಟಿರಿ, ಅಷ್ಟೇ ಅಲ್ವಾ ಎಂಬ ಅರ್ಥದಲ್ಲಿ ಮೆತ್ತಗೆ ಹೇಳುತ್ತಾನೆ. ಮೇ ಛಾಂಗ್‌ಸು ಹತ್ತಿರ ಉತ್ತರವಿಲ್ಲ. ಸತ್ತ ತನ್ನ ಕುಟುಂಬಕ್ಕಾಗಿ ಬದುಕಿರುವ ಇನ್ನೊಂದು ಕುಟುಂಬವನ್ನು ಒಡೆದಿದ್ದಾನೆ. ಜಿಂಗ್‌ರುಯಿ ಅವನಿಗೆ ತಾಯಿಯ ಒಡಹುಟ್ಟಿದವಳ ಮಗ, ತಮ್ಮನಾಗಬೇಕು.

ಯಾನ್ ಚುಯೆಯ ಎಪಿಸೋಡ್ ಒಂದನ್ನಾದರೂ ಹೇಳಲೇಬೇಕು. ಚಕ್ರವರ್ತಿ, ಸೇನಾಪತಿ, ಯಾನ್ ಚುಯೆ ಮೂವರೂ ಹರೆಯದ ಗೆಳೆಯರು. ಯಾನ್ ಚುಯೆ ಮನಸ್ಸಿಟ್ಟಿದ್ದ ಹುಡುಗಿ ಸೇನಾಪತಿಯ ತಂಗಿ, ಚಕ್ರವರ್ತಿ ಅರಮನೆಗೆ ಕರೆದುಕೊಂಡ ಅದೇ ಹುಡುಗಿ. ಆಮೇಲೆ ಅವಳು ಅಲ್ಲಿ ಸತ್ತಳು. ಸನ್ಯಾಸಿಯ ಹಾಗೆ ಬದುಕುತ್ತಿದ್ದ ಈ ಮನುಷ್ಯ, ವರ್ಷಾಂತ್ಯದ ಪೂಜೆಯ ವೇದಿಕೆಯ ಕೆಳಗೆ ಸಿಡಿಮದ್ದು ತುಂಬಿಸಿ ಚಕ್ರವರ್ತಿಯನ್ನು ಕೊಲ್ಲಲು ಹೊರಡುತ್ತಾನೆ. ಪಟ್ಟದರಸಿ ಇವನ ತಂಗಿ, ಅವಳೂ ವೇದಿಕೆಯ ಮೇಲಿರುತ್ತಾಳೆ. ಹಾಗಾಗಿ ಅವಳಿಗೆ ಅವತ್ತಿಗೆ ಹುಷಾರು ತಪ್ಪುವ ಹಾಗೆ ಮದ್ದು ಹಾಕಿಸುತ್ತಾನೆ. ಮೇ ಛಾಂಗ್‌ಸುಗೆ ಸಂಚಿನ ಸುಳಿವು ಸಿಗುವುದು ಇಲ್ಲಿಂದಲೇ. ಕೊಲ್ಲಲು ಹೊರಟವನು ತಂಗಿಯನ್ನು ಉಳಿಸಲು ಹೋಗಿ ಸಿಕ್ಕಿಬಿದ್ದ. ಮೇ ಛಾಂಗ್‌ಸು ಅವನನ್ನು ತಡೆಯುವಾಗ ಧರ್ಮ, ರಾಜ್ಯ ಅಂತೆಲ್ಲ ಹೇಳುವುದಿಲ್ಲ. ನಿಮ್ಮ ಮಗ ಯುಜಿನ್‌ನ ಗತಿ ಏನು ಅಂತ ಕೇಳುತ್ತಾನೆ. ಅಷ್ಟು ವರ್ಷ ಅವನು ಮಗನ ಕಡೆ ತಿರುಗಿಯೇ ನೋಡಿರಲಿಲ್ಲ.

ಕೊನೆಯ ದೊಡ್ಡ ದೃಶ್ಯವೂ ಹುಟ್ಟುಹಬ್ಬವೇ, ಚಕ್ರವರ್ತಿಯದ್ದು. ಗಮನಿಸಿ ನೋಡಿದರೆ ಈ ಧಾರಾವಾಹಿಯಲ್ಲಿ ಅನಾಹುತಗಳೆಲ್ಲ ಮನೆಯ ಕಾರ್ಯಕ್ರಮಗಳಲ್ಲೇ ಆಗುತ್ತವೆ. ಬಂಧುಗಳೆಲ್ಲ ಒಂದೆಡೆ ಸೇರುವುದು ಆಗ ಮಾತ್ರ ತಾನೇ. ಲೀಯಾಂಗ್ ಸಭೆಯ ನಡುವೆ ಎದ್ದು ನಿಂತು, ಷಿಯೆ ಯು ಬರೆದಿಟ್ಟುಹೋದ ತಪ್ಪೊಪ್ಪಿಗೆಯನ್ನು ಎಲ್ಲರೆದುರು ಗಟ್ಟಿಯಾಗಿ ಓದುತ್ತಾಳೆ. ಗಂಡನ ಅಪರಾಧವನ್ನು ಹೆಂಡತಿ, ಅಣ್ಣತಮ್ಮನ ಮುಂದೆ ಒಡಹುಟ್ಟಿದವಳು. ಅವಳ ಮಕ್ಕಳಿಗೂ ಇದರಿಂದ ಕುತ್ತು ಬರಬಹುದು. ಆದರೂ ಓದುತ್ತಾಳೆ. ಅವಳ ಬೆನ್ನಿಗೆ ಒಬ್ಬೊಬ್ಬರಾಗಿ ಮುಂದೆ ಬಂದು ಮರುವಿಚಾರಣೆ ಆಗಲಿ ಅನ್ನುತ್ತಾರೆ. ಆ ಒಡಹುಟ್ಟಿದವಳಿಲ್ಲದೆ ಸಾಕ್ಷಿ, ಸೈನ್ಯ, ಸಲಹೆ ಯಾವುದೂ ಅವತ್ತು ಸಾಕಾಗುತ್ತಿರಲಿಲ್ಲ. ಬೇರೆ ಯಾರು ಎದ್ದಿದ್ದರೂ ಸಂಚು ಅಂತ ತಳ್ಳಿಹಾಕಬಹುದಿತ್ತು. ತಲೆ ತಗ್ಗಿಸಿ ಬದುಕಿದ ಅವಳಿಗೆ ಇದರಿಂದ ಬರುವ ಲಾಭ ಏನೂ ಇಲ್ಲ ಅಂತ ಸಭೆಗೆಲ್ಲ ಗೊತ್ತು.

ಚಕ್ರವರ್ತಿಯ ಪಾತ್ರ ಮಾಡಿದ ಡಿಂಗ್ ಯೊಂಗ್‌ದಾಯ್ ಅವರ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಕೇಡಿಗನಂತೆ ಕಾಣುವುದೇ ಇಲ್ಲ. ನಗುತ್ತಾನೆ, ಜಿಂಗ್ ರಾಣಿಯ ಸೂಪು ಕುಡಿದು ಸುಖಪಡುತ್ತಾನೆ, ರಾತ್ರಿ ಕೆಟ್ಟ ಕನಸು ಬಿದ್ದು ಬೆಚ್ಚುತ್ತಾನೆ. ಮಹಾಭಾರತ ಕೇಳಿ ಬೆಳೆದ ನಮಗೆ ಸಿಂಹಾಸನದ ಮೇಲಿನ ಕೆಟ್ಟ ಅಪ್ಪ ಅಂದರೆ ಧೃತರಾಷ್ಟ್ರ. ಮಗನ ಮೇಲಿನ ಮೋಹದಿಂದ ಕುಲ ಮುಳುಗಿಸಿದವನು. ಈತ ಪೂರ್ತಿ ಉಲ್ಟಾ. ಇವನಿಗೆ ಮಕ್ಕಳೆಂದರೆ ಭಯ. ಒಳ್ಳೆಯ ಮಗ ಅಂದರೆ ಇನ್ನೂ ಹೆಚ್ಚು ಭಯ. ಕೊನೆಗೆ ಮೇ ಛಾಂಗ್‌ಸು ಯಾರು ಅಂತ ಗೊತ್ತಾದಾಗ ಅವನು ಮಾಡುವುದು ಏನು ಗೊತ್ತೇ? ಹುಡುಗನ ಬಾಲ್ಯ ನೆನಪಿಸುತ್ತಾನೆ. ನಾನು ನಿನ್ನ ಸೋದರಮಾವ ಅಲ್ವಾ ಅನ್ನುವ ಹಾಗೆ. ಅಷ್ಟು ವರ್ಷಗಳ ಮೇಲೆ ಮೊದಲ ಸಲ ಸಂಬಂಧ ಅವನಿಗೆ ಬೇಕಾಗಿದೆ.

2017ರಲ್ಲಿ ಇದರ ಎರಡನೇ ಭಾಗ ಬಂತು. ಅಷ್ಟು ಬಿಗಿಯಾಗಿಲ್ಲ, ಮಧ್ಯದಲ್ಲಿ ಎಳೆದಿದ್ದಾರೆ. ಆದರೆ ಅದರ ಮೂಲ ಯೋಚನೆ ನನಗೆ ತುಂಬ ಹಿಡಿಸಿತು. ಜಿಂಗ್‌ಯಾನ್ ಪಟ್ಟಕ್ಕೆ ಬಂದು, ಒಳ್ಳೆಯ ದೊರೆಯಾಗಿ ಆಳಿ, ಹೋಗಿಯೂ ಆಗಿದೆ. ಜೀತದಿಂದ ಬಿಡಿಸಿದ್ದ ಟಿಂಗ್‌ಶೆಂಗ್‌ನನ್ನು ಅವನು ಮಗನಂತೆ ಬೆಳೆಸಿದ್ದ. ಟಿಂಗ್‌ಶೆಂಗ್ ಈಗ ವಯಸ್ಸಾದ ಸೇನಾಪತಿ, ಗಡಿ ಕಾಯುವ ದೊಡ್ಡ ಸೈನ್ಯ ಅವನ ಕೈಯಲ್ಲಿದೆ. ಸಿಂಹಾಸನದ ಮೇಲೆ ಜಿಂಗ್‌ಯಾನ್‌ನ ಮಗ. ಅವನಿಗೂ ಟಿಂಗ್‌ಶೆಂಗ್‌ಗೂ ಅಣ್ಣತಮ್ಮಂದಿರ ಪ್ರೀತಿ. ಪಟ್ಟದರಸಿಗೂ ಮಂತ್ರಿಯಾಗಿರುವ ಅವಳ ಅಣ್ಣನಿಗೂ ಇದನ್ನು ನೋಡಿ ನಿದ್ದೆ ಬರುವುದಿಲ್ಲ. ಇಷ್ಟೊಂದು ಹತ್ತಿರದವನು, ಇಷ್ಟೊಂದು ಸೈನ್ಯ, ನಾಳೆ ನಮ್ಮ ಹುಡುಗನ ಗತಿ ಏನು ಅಂತ ಅವರು ಲೆಕ್ಕ ಹಾಕಲು ಶುರು ಮಾಡುತ್ತಾರೆ. ಮಂತ್ರಿ ಕೆಟ್ಟವನೇನಲ್ಲ. ಅವನು ಆ ಹುಡುಗನ ಸೋದರಮಾವ.